ಒದ್ದೆ ಸೊಪ್ಪು

ನಾನು ವಿಶ್ವವಿದ್ಯಾನಿಲಯದ ಕುಲಪತಿಯಾದಾಗ ಸನ್ಮಾನದ ಮೇಲೆ ಸನ್ಮಾನ. ಪ್ರತಿ ವೇದಿಕೆಯಲ್ಲೂ ಗುರುಗಳನ್ನು ನೆನೆಯುವುದು ವಾಡಿಕೆ, ನಾನೂ ನೆನೆದೆ. ಆದರೆ ನನ್ನನ್ನು ಆ ಕುರ್ಚಿಯವರೆಗೆ ಮುಟ್ಟಿಸಿದವಳು ಅಕ್ಷರ ಕಲಿಯದ ನನ್ನ ಅತ್ತಿಗೆ. ಮೈಕಿನ ಮುಂದೆ ಅದನ್ನು ಹೇಳಲು ಬಾಯಿ ಬರಲಿಲ್ಲ, ಇಲ್ಲಿ ಹೇಳುತ್ತೇನೆ.

ಯಳಂದೂರಿನ ಹತ್ತಿರದ ಅಗರ ನಮ್ಮೂರು. ಬೇಸಾಯದ ಜೊತೆಗೆ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದೆವು. ಕೊಳ್ಳೇಗಾಲ ಮದ್ರಾಸನ್ನು ಬಿಟ್ಟು ನಮ್ಮ ಮೈಸೂರು ರಾಜ್ಯಕ್ಕೆ ಸೇರಿದ ೧೯೫೬ರಲ್ಲಿ ನಾನು ಹೈಸ್ಕೂಲಿನ ಕೊನೆಯ ತರಗತಿಯಲ್ಲಿದ್ದೆ. ಹೆಣ್ಣುಮಗಳನ್ನು ಮೈಸೂರಿನ ಕಾಲೇಜಿಗೆ ಕಳಿಸಲು ಅಪ್ಪ ಅರೆಮನಸ್ಸಿನಿಂದ ಒಪ್ಪಿದ್ದ. "ಪುಸ್ತಕ ಇಡ್ಕಂಡು ಕೆಲ್ಸ ಕೆಡಿಸ್ದೆ ಅಂದ್ರೆ ಅವತ್ತಿಗೇ ಇಸ್ಕೂಲು ಬಂದ್ ಕಣಮ್ಮಿ" ಎಂದೂ ಹೇಳಿದ್ದ.

ಕೆಡಿಸಿದೆ. ಹುಳು ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಕಳಚಿ, ಎದ್ದಿದ್ದವು. ಆಗ ಅವಕ್ಕೆ ಎಲ್ಲಿಲ್ಲದ ಹಸಿವು. ಅವತ್ತು ಬೆಳಿಗ್ಗೆಯಿಂದ ಸೋನೆ. ಮಳೆಯಲ್ಲಿ ಕೊಯ್ದ ಹಿಪ್ಪುನೇರಳೆ ಸೊಪ್ಪನ್ನು ಹರವಿ, ನೀರಾರಿಸಿ ಹಾಕಬೇಕೆಂದು ನಮ್ಮೂರಿನ ಚಿಕ್ಕ ಮಕ್ಕಳಿಗೂ ಗೊತ್ತು. ನಾನು ರೇಖಾಗಣಿತದ ಪ್ರಮೇಯವೊಂದನ್ನು ಬಾಯಿಪಾಠ ಮಾಡುತ್ತಾ ಒದ್ದೆ ಸೊಪ್ಪನ್ನೇ ಹುಳು ಸಾಕುವ ಬಿದಿರಿನ ತಟ್ಟೆಗಳಿಗೆಲ್ಲ ಹಾಕಿ ಬಂದೆ. ಎರಡು ದಿನ ಕಳೆಯುವುದರೊಳಗೆ ಹುಳು ಮೆತ್ತಗಾಗಿ ಸತ್ತು, ಮನೆಯೆಲ್ಲ ನಾರಿತು.

"ಯಾರು ಸೊಪ್ಪಾಕ್ದೋರು?" ಎಂದು ಅಪ್ಪ ಅಂಗಳದಲ್ಲಿ ನಿಂತು ಗುಡುಗಿದ. ನಾನು ಕಂಬದ ಹಿಂದೆ ಸರಿದೆ.

ಅತ್ತಿಗೆ ಮುಟ್ಟಾಗಿ ಮೂರು ದಿನದಿಂದ ಕೊಟ್ಟಿಗೆಯ ಜಗಲಿಯ ಮೇಲೆ ಕೂತಿದ್ದಳು. ಅವತ್ತು ನಾನು ನೀರು ಸೋರುವ ಕುಕ್ಕೆ ಹೊತ್ತು ಹುಳುಮನೆಗೆ ಹೋದದ್ದನ್ನು ಅಲ್ಲಿಂದಲೇ ಕಂಡಿದ್ದಳು. "ನಾನೇ ಮಾವ," ಎಂದಳು. "ಒರಗಾಗಿದ್ದೆ. ಆದ್ರೂ ಯಾರ್ಗೂ ಯೋಳ್ದೆ ಒಳೀಕ್ ಓಗಿ ಸೊಪ್ಪಾಕ್ಬುಟ್ಟೆ."

ಮುಟ್ಟಾದವಳು ಹುಳುಮನೆಯ ಹೊಸಿಲು ದಾಟಿದರೆ ಬೆಳೆ ಉಳಿಯದು ಎಂಬ ನಂಬಿಕೆ. ಅಷ್ಟು ಕೇಳಿದ ಮೇಲೆ ಸೊಪ್ಪಿನ ವಿಚಾರ ಯಾರಿಗೆ ಬೇಕು? ಅಪ್ಪ ಬೈದ, ಅಣ್ಣ ಕೈ ಮಾಡಿದ. ನಾನು ಕಂಬ ಹಿಡಿದು ನಿಂತೇ ಇದ್ದೆ. ಆಮೇಲೆ ಹಿತ್ತಲಲ್ಲಿ ಅಳುತ್ತಾ ಯಾಕೆ ಹೀಗೆ ಮಾಡಿದೆ ಎಂದು ಕೇಳಿದರೆ ಅತ್ತಿಗೆ ನನಗೇ ರೇಗಿದಳು: "ನಿನ್ ಇಸ್ಕೂಲು ಬುಡುಸ್ಬುಟ್ರೆ ತಿರ್ಗ ಸಿಕ್ತದಾ? ನಂಗೇನು, ನಾಕ್ ದಿನ ಬೈತರೆ, ಸುಮ್ಕಾಯ್ತರೆ. ಓಗಿ ಓದ್ಕೊ."

ನಾಲ್ಕು ದಿನಕ್ಕೆ ಸುಮ್ಮನಾಗಲಿಲ್ಲ. ಅವಳ ಕೈ ಹುಳುವಿಗೆ ಆಗಿ ಬರುವುದಿಲ್ಲ ಎಂದು ಊರೇ ಆಡಿಕೊಂಡಿತು. ಅಂದಿನಿಂದ ಅವಳು ಸೊಪ್ಪಿನ ಕುಕ್ಕೆಯನ್ನು ಹುಳುಮನೆಯ ಹೊಸಿಲ ಹೊರಗೇ ಇಳಿಸಿ ಹಿಂದಿರುಗುವವಳು. ನಾನು ಮೈಸೂರಿಗೆ ಹೋದೆ, ಎಂ.ಎಸ್‌ಸಿ. ಮುಗಿಸಿದೆ, ಲೆಕ್ಚರರ್ ಆದೆ. ರಜೆಗೆ ಬಂದಾಗಲೆಲ್ಲ ಅವಳು ಹೊಸಿಲಾಚೆ ನಿಂತದ್ದನ್ನು ನೋಡಿ, ನಾಳೆ ಹೇಳಿದರಾಯಿತು ಎಂದುಕೊಂಡೆ. ಓದಿದವಳ ಹೇಡಿತನಕ್ಕೆ ನೆಪಗಳು ಹೆಚ್ಚು.

ಮುಂದೆ ಕುಲಪತಿಯಾಗಿ ಶಿಸ್ತುಕ್ರಮದ ಕಡತ ನೋಡುವಾಗ, ತಪ್ಪು ತನ್ನದೇ ಎಂದು ಥಟ್ಟನೆ ಒಪ್ಪಿಕೊಂಡ ವಿದ್ಯಾರ್ಥಿಯನ್ನು ಕರೆಸಿ ಇನ್ನೊಮ್ಮೆ ಕೇಳುವುದು ನನ್ನ ಚಾಳಿಯಾಗಿತ್ತು. ರಿಜಿಸ್ಟ್ರಾರರು ಗೊಣಗುತ್ತಿದ್ದರು. ಗೊಣಗಲಿ.

ಅದಕ್ಕೂ ಬಹಳ ಮೊದಲು, ಎಪ್ಪತ್ತರ ದಶಕದಲ್ಲಿ, ರೀಡರ್ ಹುದ್ದೆ ಸಿಕ್ಕಿತು. ಸಿಹಿ ಹಂಚಲು ಊರಿಗೆ ಬಂದೆ. ಹುಳು ಆಗತಾನೆ ನಾಲ್ಕನೇ ಜ್ವರದಿಂದ ಎದ್ದಿದ್ದವು. ಅತ್ತಿಗೆ ಹೊಸಿಲಾಚೆ ಕುಕ್ಕೆ ಇಳಿಸುತ್ತಿದ್ದಳು. ಸಿಹಿಯ ಪೊಟ್ಟಣ ಕೈಯಲ್ಲೇ ಉಳಿಯಿತು. ಎಲ್ಲರ ಮುಂದೆ ಎಲ್ಲವನ್ನೂ ಹೇಳಿಬಿಟ್ಟೆ. ಅಣ್ಣ ತಲೆ ತಗ್ಗಿಸಿದ. ಅಪ್ಪನಿಗೆ ಆಗಲೇ ವಯಸ್ಸಾಗಿತ್ತು. ಗೋಡೆ ಹಿಡಿದು ಎದ್ದುಹೋಗಿ ಹುಳುಮನೆಯ ಬಾಗಿಲು ಪೂರ್ತಿ ತೆರೆದ.

"ಬಾವ್ವ, ಒಳೀಕ್ ಬಾ," ಎಂದ ಸೊಸೆಗೆ.

ನಾನು ಜಗಲಿಯಲ್ಲಿದ್ದ ಇನ್ನೊಂದು ಕುಕ್ಕೆ ಎತ್ತಿಕೊಂಡು ಮುಂದೆ ನಡೆದೆ. ಕಣ್ಣು ಮಂಜಾಗಿ ದಾರಿ ಕಾಣುತ್ತಿರಲಿಲ್ಲ. ಅತ್ತಿಗೆ ಅಳಲಿಲ್ಲ. ಹೊಸಿಲು ದಾಟಿ ಬಂದವಳೇ ನನ್ನ ಕುಕ್ಕೆಯಿಂದ ಒಂದು ಎಲೆ ತೆಗೆದು ಹಿಂದೆ ಮುಂದೆ ನೋಡಿದಳು, ಸೆರಗಿನಿಂದ ಒರೆಸಿದಳು.

"ಈಗ್ಲಾದ್ರೂ ನೀರಾರ್ಸಿ ತಂದ್ಯಾ, ಇಲ್ವಾ?" ಎಂದಳು.