ಸಮುದ್ರಕ್ಕೆ ಎಂಟು ಕಟ್ಟಳೆ

ಅಂಬರೀಷನ ದೃಷ್ಟಿಯಲ್ಲಿ ಲೋಕದ ಜನರೆಲ್ಲ ಎರಡೇ ಬಗೆ: ಉಪ್ಪುನೀರಿನಲ್ಲಿ ಮೀನು ಸಾಕುವವರು, ಸಿಹಿನೀರಿನಲ್ಲಿ ಮೀನು ಸಾಕುವವರು. ಎರಡನೆಯವರನ್ನು ಕಂಡರೆ ಅವನಿಗೆ ಮರುಕ. ಎರಡೂ ಅಲ್ಲದವರನ್ನು ಅವನು ಲೆಕ್ಕಕ್ಕೇ ತೆಗೆದುಕೊಂಡವನಲ್ಲ. ಹೆಂಡತಿ ಕರುಣಾ ಮತ್ತು ಅವಳ ತಾಯಿ ಸಾವಕ್ಕ ಇಬ್ಬರೂ ಈ ಕೊನೆಯ ಗುಂಪಿಗೆ ಸೇರಿದವರಾದ್ದರಿಂದ ಮನೆಯಲ್ಲಿ ಅವನಿಗೆ ಮಾತಾಡಲು ಯೋಗ್ಯರಾದವರು ಯಾರೂ ಇರಲಿಲ್ಲ.

ವಯಸ್ಸು ನಲವತ್ತೆಂಟು, ಕೆಲಸ ಸರಕಾರಿ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕ. ಅಲ್ಲಿ ಒಂದು ಫೈಲು ಯಾವ ಟೇಬಲ್ಲಿಗೆ ಹೋಗಬೇಕೆಂದು ಹೇಳುವ ಅಧಿಕಾರವೂ ಅವನಿಗಿಲ್ಲ. ಆದರೆ ಮಾಳಮಡ್ಡಿಯ ಮನೆಯ ಪಡಸಾಲೆಯಲ್ಲಿ ಅವನು ಸ್ವಿಚ್ಚು ಒತ್ತಿದರೆ ಸಮುದ್ರಕ್ಕೆ ಬೆಳಗಾಗುತ್ತಿತ್ತು, ಇನ್ನೊಂದು ಒತ್ತಿದರೆ ತೆರೆ ಏಳುತ್ತಿತ್ತು. ಸಮುದ್ರವೆಂದರೆ ಎರಡಡಿ ಉದ್ದದ ಗಾಜಿನ ತೊಟ್ಟಿ, ನಾಲ್ಕು ಕೊಡ ಉಪ್ಪುನೀರು. ಅದಕ್ಕೆ ಜಾಗ ಬೇಕೆಂದು ಗೋಡೆಯ ಮೇಲಿದ್ದ ಬುದ್ಧನ ಪಟವನ್ನು ಅಡುಗೆಮನೆಗೆ ಸಾಗಿಸಿದ್ದ. ಬುದ್ಧ ಏನೂ ಅನ್ನಲಿಲ್ಲ. ಕರುಣಾ ಅಂದಳು, ಆದರೆ ಅದನ್ನು ಕೇಳಿಸಿಕೊಂಡವರಿಲ್ಲ.

ತೊಟ್ಟಿಯೊಳಗೆ ಕಿತ್ತಳೆ ಬಣ್ಣದ ಎರಡು ಮೀನು, ಕಡ್ಡಿಗಾಲಿನ ಒಂದು ಕೆಂಪು ಸಿಗಡಿ, ನಾಲ್ಕಾರು ಶಂಖದ ಹುಳು ಇದ್ದವು. ಅವೆಲ್ಲ ಅವನಿಗೆ ನೆಪ ಮಾತ್ರ. ಜೀವವೆಲ್ಲ ಇದ್ದದ್ದು ನಡುವಿನ ಬಂಡೆಯ ಮೇಲಿನ ಬಟನ್ ಹವಳಗಳಲ್ಲಿ. ಅಂಗಿಯ ಗುಂಡಿಯಷ್ಟು ಅಗಲದ, ಹಸಿರು ಬಾಯಿಯ ಜೀವಗಳವು. ದೀಪ ಹತ್ತಿದರೆ ಅರಳುತ್ತವೆ, ಆರಿದರೆ ಮುದುಡುತ್ತವೆ. ಒಂಬತ್ತು ವರ್ಷದ ಹಿಂದೆ ಹುಬ್ಬಳ್ಳಿ ದುರ್ಗದಬೈಲಿನ ಮೀನಿನ ಅಂಗಡಿಯ ಇಕ್ಬಾಲನಿಂದ ತಂದಾಗ ಏಳಿದ್ದವು. ಈಗ ಇನ್ನೂರ ಹನ್ನೆರಡು. ಪ್ರತಿ ರವಿವಾರ ಭೂತಗನ್ನಡಿ ಹಿಡಿದು ಎಣಿಸಿ, ಹೊಸದೊಂದು ಕಂಡರೆ ಗಂಡುಮಗು ಹುಟ್ಟಿದವನಂತೆ ಎದೆ ಉಬ್ಬಿಸಿ ಓಡಾಡುತ್ತಿದ್ದ.

ಬಂದವರೆದುರು ತೊಟ್ಟಿಯ ಪುರಾಣ ಬಿಚ್ಚಿದನೆಂದರೆ ಎರಡು ತಾಸು. ಚಹಾ ಆರಿ ಕೆನೆ ಕಟ್ಟಿದರೂ ಅತಿಥಿ ಏಳುವಂತಿರಲಿಲ್ಲ. ಪಕ್ಕದ ಮನೆಯ ಗಂಗಪ್ಪ ಒಮ್ಮೆ ಇವುಗಳ ಸಾರು ಹೇಗಾಗುತ್ತದೆಂದು ಕೇಳಿ, ಅಂದಿನಿಂದ ಆ ಮನೆಯ ಹೊಸ್ತಿಲು ಕಳೆದುಕೊಂಡ. ಮನೆಯವರ ಪಾಲಿಗೆ ಮಾತ್ರ ಪುರಾಣವೂ ಇರಲಿಲ್ಲ, ಬರೀ ಅಪ್ಪಣೆ. ದಿನವೂ ತೊಟ್ಟಿಗೆ ಉಪ್ಪಿಲ್ಲದ ನೀರು ಯಾಕೆ ಸುರಿಯುತ್ತೀರಿ, ಸಮುದ್ರ ಸಪ್ಪೆಯಾಗುವುದಿಲ್ಲವೇ ಎಂದು ಸಾವಕ್ಕ ಒಂದು ದಿನ ಕೇಳಿದ್ದಳು. ಒಳ್ಳೆಯ ಪ್ರಶ್ನೆ. ನೀರು ಆರಿ ಹೋಗುತ್ತದೆ, ಉಪ್ಪು ಉಳಿಯುತ್ತದೆ, ಆರಿದಷ್ಟನ್ನು ಸಿಹಿನೀರಿನಿಂದ ತುಂಬಬೇಕು ಎಂದು ಹೇಳಲು ಅರ್ಧ ನಿಮಿಷ ಸಾಕಿತ್ತು.

"ಹೇಳಿದಷ್ಟ ಮಾಡ್ರಿ ಅತ್ತಿ. ಯಾಕ ಅಂತ ತಿಳಕೊಂಡು ನೀವೇನು ಮಾಡವರು?" ಅಂದಿದ್ದ ಅಂಬರೀಷ. ಆಮೇಲೆ ಆಕೆ ಕೇಳಲಿಲ್ಲ.

ಮನೆಯವರಿಗೆ ಅವನು ಬಾಯ್ತುಂಬ ವಿವರಿಸುತ್ತಿದ್ದ ವಿಷಯ ಒಂದೇ, ತಾಮ್ರದ ನೀರು. ರಾತ್ರಿ ತಾಮ್ರದ ಚೊಂಬಿನಲ್ಲಿಟ್ಟ ನೀರನ್ನು ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಗಟಗಟ ಕುಡಿದು, ಅದು ಅಮೃತ, ಅದರಲ್ಲಿ ರೋಗದ ಹುಳ ಬದುಕುವುದಿಲ್ಲ, ಪ್ಲಾಸ್ಟಿಕ್ಕಿನ ನೀರು ಕುಡಿಯುವವರು ಮೂರ್ಖರು ಎಂದು ದಿನಾ ಭಾಷಣ ಬಿಗಿಯುತ್ತಿದ್ದ. ಯಾರೋ ಮೊಬೈಲಿಗೆ ಕಳಿಸಿದ್ದನ್ನು ಓದಿ ಬಂದ ಪಾಂಡಿತ್ಯವದು. ಅಳಿಯ ಇಷ್ಟು ಮಾತಾಡುವುದೇ ಅಪರೂಪವೆಂದು ಸಾವಕ್ಕ ಒಲೆಯ ಮುಂದೆ ಕೂತು ಅದನ್ನು ಒಂದು ಅಕ್ಷರ ಬಿಡದೆ ಕೇಳಿಸಿಕೊಳ್ಳುತ್ತಿದ್ದಳು.

ಈ ಏಪ್ರಿಲ್ಲಿನಲ್ಲಿ ಅವನ ಭಾಗ್ಯದ ಬಾಗಿಲು ತೆರೆಯಿತು. ಗೋವಾ ಮತ್ತು ಬೆಳಗಾವಿಯ ಐದು ಜನ ಹವಳ ಸಾಕುವವರು ಅವನ ಬಂಡೆ ನೋಡಲು ಬರುತ್ತೇವೆಂದು ಇಕ್ಬಾಲನ ಮೂಲಕ ಹೇಳಿ ಕಳಿಸಿದರು. ಗೋವಾದ ಕಡಲ ದಂಡೆಯವರು ಕಡಲು ನೋಡಲು ಮಾಳಮಡ್ಡಿಗೆ ಬರುವುದೆಂದರೆ! ಕಚೇರಿಯಲ್ಲಿ ಜವಾನನಿಂದ ಹಿಡಿದು ಸಾಹೇಬರವರೆಗೆ ಯಾರನ್ನೂ ಬಿಡದೆ ಹೇಳಿಕೊಂಡ. ಆದರೆ ಅವರು ಬರುವ ರವಿವಾರಕ್ಕೆ ಮೊದಲು ಎಂಟು ದಿನ ಮೈಸೂರಿನಲ್ಲಿ ತರಬೇತಿ ಬಂತು, ತಪ್ಪಿಸಿಕೊಳ್ಳಲು ಆಗಲಿಲ್ಲ. ಹೋಗುವ ಮುನ್ನ ಒಂದು ಹಾಳೆಯ ಮೇಲೆ ಎಂಟು ಕಟ್ಟಳೆ ಬರೆದು ತೊಟ್ಟಿಯ ಪಕ್ಕ ಅಂಟಿಸಿದ. ಕೈ ಹಾಕಬಾರದು. ಊದುಬತ್ತಿ ಹಚ್ಚಬಾರದು. ದಿನಾ ಗೆರೆಯವರೆಗೆ ಫಿಲ್ಟರ್ ನೀರನ್ನೇ ಹಾಕಬೇಕು. ಹೀಗೆ ಎಂಟು. ಸಾವಕ್ಕನಿಗೆ ಓದಲು ಬಾರದು. ಕರುಣಾ ಓದಿ ಹೇಳಿದಳು, ಮುದುಕಿ ಬೆರಳು ಮಡಚಿ ಮಡಚಿ ಬಾಯಿಪಾಠ ಮಾಡಿದಳು.

ಕರುಣಾ ಬೆಳಿಗ್ಗೆ ಶಾಲೆಗೆ ಪಾಠ ಹೇಳಲು ಹೋದರೆ ಸಂಜೆಗೇ ಬರುವವಳು. ತೊಟ್ಟಿ ಸಾವಕ್ಕನ ಪಾಲಿಗೆ ಬಿತ್ತು. ಎರಡನೆಯ ದಿನವೇ, ಇನ್ನು ಆರು ದಿನ ನಳ ಬರುವುದಿಲ್ಲವೆಂದು ಓಣಿಯಲ್ಲಿ ಸುದ್ದಿಯಾಯಿತು. ಮೇಲಿನ ಟಾಕಿ ಬರಿದಾದರೆ ಫಿಲ್ಟರೂ ನಿಲ್ಲುತ್ತದೆ. ಹಾಗಾಗಿ ಆಕೆ ಅಂದೇ ಕೂತು ಸಮುದ್ರಕ್ಕೆ ಬೇಕಾದ ಫಿಲ್ಟರ್ ನೀರನ್ನೆಲ್ಲ ಹಿಡಿದಿಟ್ಟಳು. ಅಂಬರೀಷನ ಪ್ಲಾಸ್ಟಿಕ್ ಕ್ಯಾನು ಅಲ್ಲೇ ಇತ್ತು. ಆದರೆ ಅಷ್ಟು ದೂರದಿಂದ ಜನ ನೋಡಲು ಬರುವ ಜೀವಗಳಿಗೆ ಮೂರ್ಖರ ನೀರು ಹಾಕುವುದೇ? ತನ್ನ ಮದುವೆಯಲ್ಲಿ ತವರಿನಿಂದ ತಂದಿದ್ದ ತಾಮ್ರದ ಹಂಡೆಯನ್ನು ಇಳಿಸಿದಳು. ಹುಣಸೆಹಣ್ಣು, ಉಪ್ಪು ಹಚ್ಚಿ ಮುಖ ಕಾಣುವಂತೆ ತಿಕ್ಕಿದಳು. ತುಂಬಿ, ಬಿಳಿ ಬಟ್ಟೆ ಕಟ್ಟಿಟ್ಟು, ದಿನಾ ಬೆಳಿಗ್ಗೆ ಅದರಿಂದಲೇ ಗೆರೆಯವರೆಗೆ ಸುರಿದಳು. ಹವಳಗಳು ಮುದುಡಿದ್ದು ಕಂಡಾಗ ನಿದ್ದೆ ಇರಬೇಕೆಂದುಕೊಂಡಳು; ಯಾಕೆಂದು ಕೇಳುವುದನ್ನು ಆಕೆ ಬಿಟ್ಟಿದ್ದಳು. ಎಂಟರಲ್ಲಿ ಒಂದು ಕಟ್ಟಳೆಯೂ ತಪ್ಪಲಿಲ್ಲ.

ಶುಕ್ರವಾರ ಬೆಳಿಗ್ಗೆ ಅಂಬರೀಷ ಬಂದವನು ಚಪ್ಪಲಿ ಕಳಚದೆ ತೊಟ್ಟಿಯ ಮುಂದೆ ನಿಂತ. ಸಿಗಡಿ ಅಂಗಾತ ಬಿದ್ದಿತ್ತು. ಶಂಖದ ಹುಳುಗಳು ಗಾಜಿನಿಂದ ಉದುರಿದ್ದವು. ಮೀನುಗಳೆರಡೂ ಏನೂ ಆಗಿಲ್ಲವೆಂಬಂತೆ ಈಜುತ್ತಿದ್ದವು. ದೀಪ ಉರಿಯುತ್ತಿದ್ದರೂ ಹವಳಗಳೆಲ್ಲ ಬಾಯಿ ಮುಚ್ಚಿ, ನೆನೆದ ಕಾಗದದ ಹಾಗೆ ಬಿಳಿಚಿ ಬಂಡೆಗೆ ಅಂಟಿಕೊಂಡಿದ್ದವು.

ಮೊದಲು ಸೊಳ್ಳೆಬತ್ತಿಯ ಮೇಲೆ ಅನುಮಾನ. ಆಮೇಲೆ ಕರುಣಾಳ ಕೈಯ ಸಾಬೂನಿನ ಮೇಲೆ, ಆಮೇಲೆ ಗಂಗಪ್ಪನ ಹೊಟ್ಟೆಕಿಚ್ಚಿನ ಮೇಲೆ. ಇನ್ಸ್‌ಪೆಕ್ಟರನಂತೆ ಮನೆಯೆಲ್ಲ ಮೂಸುತ್ತ ಅಡುಗೆಮನೆಗೆ ಬಂದವನಿಗೆ ಬುದ್ಧನ ಪಟದ ಕೆಳಗೆ ಥಳಥಳ ಹೊಳೆಯುವ ಹಂಡೆ ಕಂಡಿತು. ಇದೇನೆಂದು ಕೇಳಿದ.

ಸಾವಕ್ಕನಿಗೆ ಅವನ ಮುಖ ಅರ್ಥವಾಗಲಿಲ್ಲ. ಶಹಬಾಸ್‌ಗಿರಿ ಸಿಗುತ್ತದೆಂದುಕೊಂಡಳು. "ಅಳಿಯಂದ್ರ, ನೀವು ಕುಡಿಯೋ ಅಂಥಾ ನೀರನ್ನ ಹಾಕೇನ್ರಿ," ಅಂದಳು. "ಹುಣಸಿಹಣ್ಣು ಹಚ್ಚಿ ತಿಕ್ಕೇನಿ ನೋಡ್ರಿ."

ಅವನು ಕಿರುಚಿದ್ದು ಓಣಿಯ ತುದಿಗೆ ಕೇಳಿಸಿತು. ಹಳ್ಳಿಯ ಹೆಂಗಸು, ಹೆಬ್ಬೆಟ್ಟು, ಒಂಬತ್ತು ವರ್ಷದ ತಪಸ್ಸು ಮಣ್ಣುಪಾಲಾಯಿತು, ಇನ್ನೂ ಏನೇನೋ. ಎಪ್ಪತ್ತು ದಾಟಿದ ಮುದುಕಿ ಹಂಡೆಯ ಕಂಠ ಹಿಡಿದುಕೊಂಡು ನಿಂತೇ ಇದ್ದಳು. ಕರುಣಾ ನಡುವೆ ಬಂದಳು, ದನಿ ಏರಿಸಲಿಲ್ಲ.

"ತಾಮ್ರದ ನೀರು ಅಮೃತ ಅಂತ ದಿನಾ ಮುಂಜಾನೆ ಹೇಳಿದವರು ಯಾರ್ರಿ? ಹವಳಕ್ಕ ಅದು ವಿಷ ಅಂತ ಒಂದ ದಿನಾ ಹೇಳಿದ್ರೇನು?"

ಅವನು ಇಕ್ಬಾಲನಿಗೆ ಫೋನು ಹಚ್ಚಿದ. ನೀರು ಬದಲಿಸಿರಿ, ಇದ್ದಿಲಪುಡಿಯ ಚೀಲ ಇಳಿಬಿಡಿರಿ, ಉಳಿದಷ್ಟು ಉಳಿಯಲಿ ಎಂದ ಇಕ್ಬಾಲ. ಆಮೇಲೆ ಅಂದ: "ಮೊದಲನೇ ದಿನಾನ ಹೇಳಿದ್ನೆಲ್ರಿ ಸರ್, ತಾಮ್ರ ಹಿತ್ತಾಳಿ ಸನೇಕ ತರಬ್ಯಾಡ್ರಿ, ಹವಳ ಸಾಯ್ತಾವ ಅಂತ. ಮನ್ಯಾಗ ಹೇಳಿರ್ಲಿಲ್ಲೇನ್ರಿ?" ಅಂಬರೀಷ ಸಿಗ್ನಲ್ ಸರಿಯಿಲ್ಲವೆಂದು ಫೋನಿಟ್ಟ.

ಗೋವಾ, ಬೆಳಗಾವಿಯವರಿಗೆ ಎರಡು ದಿನ ಕರೆಂಟು ಹೋಗಿ ಎಲ್ಲ ಹಾಳಾಯಿತು, ಬರಬೇಡಿರಿ ಎಂದು ಸುಳ್ಳು ಹೇಳಿದ. ಹಂಡೆಯ ಮಾತು ತೆಗೆದರೆ ಮುಂದಿನ ಪ್ರಶ್ನೆ ಯಾವುದೆಂದು ಅವನಿಗೀಗ ಗೊತ್ತಿತ್ತು. ರವಿವಾರ ಯಾರೂ ಬರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ತಾಮ್ರದ ಚೊಂಬು ಬರಿದಾಗಿತ್ತು. ಇಷ್ಟು ವರ್ಷ ಅದನ್ನು ತುಂಬಿಡುತ್ತಿದ್ದವಳು ಅತ್ತೆ ಎಂಬುದು ಅವನ ಲಕ್ಷ್ಯಕ್ಕೆ ಬಂದದ್ದು ಅಂದೇ. ಭೂತಗನ್ನಡಿ ಹಿಡಿದು ಎಣಿಸಿದ. ಹನ್ನೊಂದು ಅರೆಬರೆ ಅರಳಿದ್ದವು.

ಇಷ್ಟಾದ ಮೇಲೆ ಬೇರೆ ಯಾರಾದರೂ ಆಗಿದ್ದರೆ ಅಡುಗೆಮನೆಗೆ ಹೋಗಿ ಎರಡು ಮಾತಾಡುತ್ತಿದ್ದರು. ಅಂಬರೀಷ ಪೆನ್ನು ತೆಗೆದ. ಹಾಳೆಯ ಕೆಳಗೆ, ಎಂಟರ ನಂತರ ಒಂಬತ್ತೆಂದು ಹಾಕಿ, ದಪ್ಪಕ್ಷರದಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದು, ಹಾಳೆಯನ್ನು ಒಯ್ದು ಅಡುಗೆಮನೆಯ ಬಾಗಿಲಿಗೇ ಅಂಟಿಸಿ ಪಡಸಾಲೆಗೆ ಬಂದು ಕೂತ.

ಒಳಗೆ ಸಾವಕ್ಕ ಅದೇನು ಹೊಸದು ಬಂದಿದೆ, ಓದು ಎಂದು ಮಗಳಿಗೆ ಹೇಳಿದ್ದು ಅವನಿಗೆ ಕೇಳಿಸಿತು. ತೊಟ್ಟಿಗೆ ತಾಮ್ರದ ಪಾತ್ರೆಯ ನೀರು ಹಾಕಬಾರದು ಎಂದು ಕರುಣಾ ಓದಿದಳು.

"ಯಾಕಂತ?" ಎಂದಳು ಮುದುಕಿ.

ಕರುಣಾ ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಇನ್ನೊಮ್ಮೆ ನೋಡಿರಬೇಕು. ಕಾಗದದ ಮೇಲೆ ಬೆರಳು ಸರಿದ ಸದ್ದು ಬಂತು.

"ಅದನ್ನ ಬರದಿಲ್ಲ ಬೇ."