ಗುಂಡ್ಲುಪೇಟೆಯ ಮನೆಯಲ್ಲಿ ಕೇಳಿದ ದನಿ

ಸತ್ತವರು ಮಾತಾಡಿಸಿದರು ಎಂದು ಯಾರಾದರೂ ಹೇಳಿದರೆ ನಾನು ಮೊದಲು ಅವರ ಬಿ.ಪಿ. ನೋಡುತ್ತಿದ್ದೆ. ತಮಾಷೆಗಲ್ಲ, ನಿಜವಾಗಿ. ಸಂತೆಮರಹಳ್ಳಿಯಲ್ಲಿ ನರ್ಸ್ ಆಗಿರುವ ನನ್ನ ಬಳಿ ಅಂಥವರು ಆಗಾಗ ಬರುತ್ತಿದ್ದರು. ತೀರಿಹೋದ ಅತ್ತೆ ಬಾಗಿಲು ತಟ್ಟಿದಳು ಅನ್ನುವವರು, ಗಂಡ ಕನಸಲ್ಲಲ್ಲ ಎದುರಿಗೇ ಬಂದು ನಿಂತಿದ್ದ ಅನ್ನುವವರು. ನಿದ್ದೆಗೆಟ್ಟಿದ್ದಾರೆ, ಸರಿಯಾಗಿ ಉಂಡಿಲ್ಲ ಎಂದುಕೊಂಡು ಸಮಾಧಾನ ಹೇಳಿ ಕಳಿಸುತ್ತಿದ್ದೆ. ಈಗ ಹಾಗೆ ಕಳಿಸಲು ಆಗುವುದಿಲ್ಲ. ಯಾಕೆಂದು ಬರೆಯುತ್ತೇನೆ. ನೀವು ನಂಬಲೇಬೇಕೆಂದಿಲ್ಲ. ನನಗೇ ಪೂರ್ತಿ ನಂಬಿಕೆಯಿಲ್ಲ.

ನಮ್ಮೂರು ಉಡಿಗಾಲದ ಹತ್ತಿರ. ನನ್ನ ತಮ್ಮ ಮಾದೇಶನನ್ನು ಪಕ್ಕದ ಜಮೀನಿನ ಸಿದ್ದರಾಜು ಕೊಂದ. ಇಬ್ಬರಿಗೂ ಸೇರಿದ ಬೋರ್‌ವೆಲ್, ಅರಿಶಿನಕ್ಕೆ ನೀರು ಹಾಯಿಸುವ ಸರದಿ ಯಾರದೆಂಬ ಜಗಳ. ಮಾತಿಗೆ ಮಾತು ಬೆಳೆದು ಸಿದ್ದರಾಜು ಕೈಯಲ್ಲಿದ್ದ ಮಚ್ಚು ಬೀಸಿದ. ಒಂದೇ ಏಟು. ಮಾದೇಶ ತುಟಿಪಿಟಕ್ಕೆನ್ನಲಿಲ್ಲ ಎಂದು ನೋಡಿದವರು ಹೇಳಿದರು. ಇಬ್ಬರೂ ಒಂದೇ ಶಾಲೆಗೆ ಹೋದವರು, ಒಟ್ಟಿಗೆ ಈಜು ಕಲಿತವರು. ಸಿದ್ದರಾಜುವಿಗೆ ಜೀವಾವಧಿ ಶಿಕ್ಷೆಯಾಯಿತು. “ಅವ್ನು ಅಲ್ಲೇ ಸಾಯ್ಬೇಕು” ಎನ್ನುತ್ತಿದ್ದ ಅಪ್ಪ ಮೊದಲು ತೀರಿಕೊಂಡರು. ಅವ್ವನನ್ನು ಚಾಮರಾಜನಗರಕ್ಕೆ, ನನ್ನ ಮನೆಗೆ ಕರೆತಂದೆ. ಆಮೇಲೆ ನಮ್ಮ ಮನೆಯಲ್ಲಿ ಸಿದ್ದರಾಜುವಿನ ಹೆಸರು ಎತ್ತುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ನನಗೊಂದು ಫೋನ್ ಬಂತು. ಪ್ರೊಬೇಷನ್ ಆಫೀಸರ್, ಹೊಸದಾಗಿ ಕೆಲಸಕ್ಕೆ ಸೇರಿದ್ದ ಹುಡುಗ. ಸನ್ನಡತೆ ನೋಡಿ ಸಿದ್ದರಾಜುವನ್ನು ಅವಧಿಗೆ ಮುಂಚೆ ಬಿಡುವ ವಿಚಾರ ನಡೆದಿದೆ, ಸತ್ತವರ ಮನೆಯವರು ಏನನ್ನುತ್ತಾರೆ ಎಂದೂ ತಿಳಿದುಕೊಳ್ಳಬೇಕು ಎಂದ. ಜೈಲಿನಲ್ಲಿ ಅವನು ಬೇಕರಿ ಕೆಲಸ ಕಲಿತಿದ್ದನಂತೆ. ಅಕ್ಷರ ಬಾರದ ಕೈದಿಗಳಿಗೆ ಓದು ಬರಹ ಹೇಳಿಕೊಡುತ್ತಿದ್ದನಂತೆ.

“ಮೇಡಂ, ಅವತ್ತು ಮಚ್ಚು ಬೀಸಿದ ಮನುಷ್ಯ ಈಗಿಲ್ಲ. ನಾನು ನೋಡಿದೀನಿ” ಎಂದ.

“ನನ್ನ ತಮ್ಮನೂ ಈಗಿಲ್ಲ” ಎಂದೆ.

ಆಗ ಆ ಹುಡುಗ, ಸಿದ್ದರಾಜು ಕೆಲವು ದಿನಗಳ ಪೆರೋಲ್ ರಜೆಯ ಮೇಲೆ ಗುಂಡ್ಲುಪೇಟೆಯ ತಂಗಿ ಮನೆಗೆ ಬಂದಿದ್ದಾನೆ, ಬೇಡವೆನ್ನುವ ಮುಂಚೆ ಒಮ್ಮೆ ನೋಡುತ್ತೀರಾ ಎಂದು ಕೇಳಿದ. ನಾನು ಒಪ್ಪಿದೆ. ಕನಿಕರದಿಂದಲ್ಲ. ಬೇಡವೆನ್ನುವುದನ್ನು ಅವನ ಮುಖಕ್ಕೇ ಹೇಳಬೇಕೆಂದು.

ಅವ್ವನಿಗೆ ಟ್ರೈನಿಂಗ್ ಇದೆ ಎಂದು ಸುಳ್ಳು ಹೇಳಿ ಹೊರಟೆ. ಬಸ್ಸು ತೆರಕಣಾಂಬಿ ದಾಟುವಷ್ಟರಲ್ಲಿ ನನ್ನ ಅಂಗೈ ಬೆವರಿ ಟಿಕೆಟ್ ಮುದ್ದೆಯಾಗಿತ್ತು. ಅವನು ಕಾಲಿಗೆ ಬಿದ್ದರೆ ಏನು ಮಾಡಲಿ? ನಗುನಗುತ್ತಾ ಮಾತಾಡಿಸಿಬಿಟ್ಟರೆ? ಚೆನ್ನಾಗಿ ಉಂಡು ದಪ್ಪಗಾಗಿದ್ದರೆ? ಈ ಕೊನೆಯದನ್ನಂತೂ ಸಹಿಸಲು ಆಗುತ್ತಿರಲಿಲ್ಲ. ವಾಪಸ್ ಹೋಗಿಬಿಡೋಣ ಎಂದು ಎರಡು ಸಲ ಸೀಟಿನಿಂದ ಎದ್ದೆ, ಕೂತೆ.

ಬಸ್ ಸ್ಟ್ಯಾಂಡಿನಲ್ಲಿ ಆಫೀಸರ್ ಹುಡುಗ ಕಾಯುತ್ತಿದ್ದ. ಊಟಿ ರಸ್ತೆಯಿಂದ ಒಳಗೆ ಒಂದು ಓಣಿ, ಒಂದೇ ಕೋಣೆಯ ಶೀಟಿನ ಮನೆ. ಸಿದ್ದರಾಜುವಿನ ತಂಗಿ ನಾಗಮ್ಮ ಹೂ ಕಟ್ಟಿ ಮಾರುವವಳು. ಅಂಗಳದಲ್ಲಿ ಚೆಂಡುಹೂವಿನ ರಾಶಿ ಬಿದ್ದಿತ್ತು. ಹುಡುಗ ಅಂಗಳದಲ್ಲೇ ನಿಂತ. ನಾನು ಒಳಗೆ ಹೋದೆ.

ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದವನು ಸಿದ್ದರಾಜು ಎಂದು ತಿಳಿಯಲು ನನಗೆ ಹೊತ್ತು ಹಿಡಿಯಿತು. ಕಡ್ಡಿಯಂತಾಗಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು, ಮುಂದಿನ ಹಲ್ಲುಗಳಿರಲಿಲ್ಲ. ನನ್ನನ್ನು ನೋಡಿದವನೇ ಕೈ ಮುಗಿದು, ಹಣೆಯನ್ನು ಮಂಡಿಗೆ ಹಚ್ಚಿ ಕೂತುಬಿಟ್ಟ. ನಾಗಮ್ಮ ಗಡಿಬಿಡಿಯಿಂದ ತಟ್ಟೆ ಇಟ್ಟು ಮುದ್ದೆ, ಅವರೆಕಾಳಿನ ಸಾರು ಬಡಿಸಿದಳು.

“ಒಂದು ತುತ್ತು ಉಣ್ಣಿ ಅಕ್ಕಾ. ಬಿಸ್ಲಲ್ಲಿ ಬಂದಿದ್ದೀರಿ.”

ಸಿಟ್ಟು ಬಂದರೆ ನನ್ನ ಬಾಯಿಗೆ ಊರಿನ ಮಾತೇ ಬರುತ್ತದೆ. “ನಿಮ್ಮನೇಲಿ ನಾನು ನೀರೂ ಮುಟ್ಟಾಕಿಲ್ಲ. ಇವ್ನ ಮಕ ನೋಡಿ ಏಳ್ಬುಟ್ಟು ಓಗನ ಅಂತ ಬಂದೆ ಅಷ್ಟೇ. ಇವ್ನು ಈಚೆಗೆ ಬರೋದು ನಂಗೆ ಒಪ್ಗೆ ಇಲ್ಲ. ನಮ್ಮಪ್ಪ ಇದ್ದಿದ್ರೂ ಇದ್ನೇ ಏಳೋರು.”

ಅವನು ತಲೆ ಎತ್ತಲಿಲ್ಲ. ನಾನು ತಿರುಗಿ ಹೊಸ್ತಿಲು ದಾಟಿ, ಚಪ್ಪಲಿಗೆ ಕಾಲು ಹಾಕಿದೆ. ಆಗ ಹಿಂದಿನಿಂದ ದನಿ ಬಂತು.

“ಜುಟ್ಟಕ್ಕಾ, ಉಂಡ್ಬುಟ್ಟು ಓಗು.”

ಚಿಕ್ಕಂದಿನಲ್ಲಿ ಅವ್ವ ನನ್ನ ಕೂದಲನ್ನು ನೆತ್ತಿಯ ಮೇಲೆ ಎತ್ತಿ ಕಟ್ಟುತ್ತಿದ್ದಳು. ಅದಕ್ಕೇ ಮಾದೇಶ ನನ್ನನ್ನು ಜುಟ್ಟಕ್ಕ ಎನ್ನುತ್ತಿದ್ದ. ಅಪ್ಪನ ಕಿವಿಗೆ ಬಿದ್ದರೆ ಒದೆ ಗ್ಯಾರಂಟಿ, ಹಾಗಾಗಿ ನಾವಿಬ್ಬರೇ ಇದ್ದಾಗ ಮಾತ್ರ. ಅವನು ಸತ್ತ ಮೇಲೆ ಆ ಹೆಸರಿನಿಂದ ನನ್ನನ್ನು ಯಾರೂ ಕರೆದಿರಲಿಲ್ಲ. ಹೆಸರಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಆದರೆ ದನಿಯೂ ಅವನದೇ. ನೆಗಡಿಯಾದವನಂತೆ ಸ್ವಲ್ಪ ಒಡೆದ, ಕೊನೆಯ ಅಕ್ಷರವನ್ನು ಎಳೆಯುವ ದನಿ.

ತಿರುಗಿ ನೋಡಿದೆ. ಸಿದ್ದರಾಜುವಿನ ಹಣೆ ಮಂಡಿಯ ಮೇಲೇ ಇತ್ತು. ನಾಗಮ್ಮ ಸೌಟು ಹಿಡಿದು ನಿಂತಿದ್ದಳು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

“ಇವ್ನು ಈಗ ಏನಂದ?” ಎಂದು ಕೇಳಿದೆ.

“ಯಾರು, ಅಣ್ಣನಾ? ಅವ್ನು ಬಾಯೇ ಬುಟ್ಟಿಲ್ವಲ್ಲಕ್ಕಾ” ಎಂದಳು ನಾಗಮ್ಮ.

ಸಿದ್ದರಾಜು ಆಗ ಮುಖ ಎತ್ತಿದ. “ನಾನೇನೂ ಅನ್ನಿಲ್ಲಕ್ಕಾ” ಎಂದ. ಹಲ್ಲಿಲ್ಲದ ಬಾಯಿಯಿಂದ ಗಾಳಿ ಸೇರಿ ಬಂದ, ತೊದಲು ತೊದಲಾದ ಮಾತು. ಅವನ ಮುಖದಲ್ಲಿ ನನಗಿಂತ ಹೆಚ್ಚು ಹೆದರಿಕೆಯಿತ್ತು. ನಾನು ಅಲ್ಲಿ ನಿಲ್ಲಲಿಲ್ಲ.

ರಾತ್ರಿಯಾಗಿದ್ದರೆ ಭ್ರಮೆ ಎನ್ನಬಹುದಿತ್ತು. ಅದು ಸುಡುಬಿಸಿಲಿನ ಮಧ್ಯಾಹ್ನ. ರಸ್ತೆಯಲ್ಲಿ ಕೇರಳದ ಲಾರಿಗಳು ಸಾಲಾಗಿ ಹೋಗುತ್ತಿದ್ದವು. ತಲೆ ಸುತ್ತಿದ್ದಕ್ಕೆ, ಬೆಳಿಗ್ಗೆಯಿಂದ ಏನೂ ತಿನ್ನದಿದ್ದಕ್ಕೆ ಕಿವಿಗೆ ಹಾಗೆ ಕೇಳಿಸಿತು ಎಂದು, ರೋಗಿಗಳಿಗೆ ಹೇಳುವುದನ್ನೇ ನನಗೂ ಹೇಳಿಕೊಂಡು ನಡೆಯುತ್ತಿದ್ದೆ. ಪಕ್ಕದಲ್ಲಿ ಬರುತ್ತಿದ್ದ ಆಫೀಸರ್ ಹುಡುಗ ಬಸ್ ಸ್ಟ್ಯಾಂಡ್ ಹತ್ತಿರ ಬಂದಾಗ ಸಂಕೋಚದಿಂದ ಕೇಳಿದ.

“ಮೇಡಂ, ಜುಟ್ಟಕ್ಕ ಅಂದ್ರೆ ಯಾರು?”

ನನ್ನ ಕಾಲು ಅಲ್ಲೇ ನಿಂತಿತು. ನಾನು ಆ ಹೆಸರನ್ನು ಅವನ ಮುಂದೆ ಆಡಿರಲೇ ಇಲ್ಲ.

“ನಿಮಗೆಲ್ಲಿ ಕೇಳಿಸ್ತು?”

“ನೀವು ಚಪ್ಪಲಿ ಹಾಕ್ಕೊಳ್ತಿದ್ರಲ್ಲ, ಆಗ. ಒಳಗಡೆಯಿಂದ ಯಾರೋ ಊಟಕ್ಕೆ ಕರೆದ್ರು. ಗಂಡಸಿನ ದನಿ. ಸಿದ್ದರಾಜುದಲ್ಲ, ಅವನ ದನಿ ನನಗೆ ಗೊತ್ತು. ನೆಂಟರು ಯಾರಾದ್ರೂ ಇದ್ದಾರೇನೋ ಅಂದ್ಕೊಂಡೆ.”

ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ. ಇಂಜೆಕ್ಷನ್ ಕೊಡಲು ಬೇರೆಯವರನ್ನು ಕರೆದದ್ದೂ ಉಂಟು. ಎಲ್ಲ ರೀತಿಯಲ್ಲೂ ಯೋಚಿಸಿದೆ. ಚಿಕ್ಕಂದಿನಲ್ಲಿ ಮಾದೇಶ ಆ ಹೆಸರನ್ನು ಗೆಳೆಯನಿಗೆ ಹೇಳಿರಬಹುದು. ಸಿದ್ದರಾಜು ಬಿಡುಗಡೆಗಾಗಿ ನಾಟಕ ಆಡಿರಬಹುದು. ಆದರೆ ಆ ಬಾಯಿಯಿಂದ ಆ ದನಿ ಹೊರಡಲು ಹೇಗೆ ಸಾಧ್ಯ? ಬಿಡಬೇಡಿ ಎಂದರೆ, ಆ ಮನೆಯಲ್ಲಿ ಉಂಡು ಹೋಗು ಎಂದ ತಮ್ಮನ ಮಾತು ಮೀರಿದಂತಾಗುತ್ತದೆಯೇ? ಬಿಡಿ ಎಂದರೆ, ಯಾರದೆಂದು ಗೊತ್ತಿಲ್ಲದ ಒಂದು ದನಿ ನಂಬಿ ಮಾದೇಶನ ಸಾವನ್ನು ಅಗ್ಗ ಮಾಡಿದಂತಾಗುತ್ತದೆಯೇ? ಹುಡುಗ ಮತ್ತೆ ಫೋನ್ ಮಾಡಿದಾಗ, ನನ್ನ ತಕರಾರಿಲ್ಲ ಎಂದುಬಿಟ್ಟೆ. ಅದು ಕ್ಷಮೆಯೋ ಹೆದರಿಕೆಯೋ ಇವತ್ತಿಗೂ ಗೊತ್ತಿಲ್ಲ.

ಸಿದ್ದರಾಜು ಬಿಡುಗಡೆಯಾಗಿ ಬಂದ. ಯಾವುದೋ ಬೇಕರಿಯಲ್ಲಿ ಕೆಲಸ ಮಾಡುತ್ತಾನೆ, ತಲೆ ತಗ್ಗಿಸಿಕೊಂಡು ಹೋಗುತ್ತಾನೆ, ಬರುತ್ತಾನೆ ಎಂದು ಕೇಳಿದ್ದೇನೆ. ಒಳ್ಳೆಯದಾಯಿತು ಅನ್ನಿಸುವ ದಿನಗಳಿವೆ. ಅವನಿಗೆ ತಲೆ ಬೆಳ್ಳಗಾಗುವಷ್ಟು ಆಯಸ್ಸು ಸಿಕ್ಕಿತಲ್ಲ ಎಂದು ಸಂಕಟಪಡುವ ದಿನಗಳೂ ಇವೆ.

ಅವ್ವನಿಗೆ ಎಷ್ಟು ದಿನ ಅಂತ ಮುಚ್ಚಿಡಲಿ? ಒಂದು ಭಾನುವಾರ ಎಲ್ಲವನ್ನೂ ಹೇಳಿದೆ. ಕೂಗಾಡುತ್ತಾಳೆ, ನನ್ನ ಮುಖ ನೋಡುವುದಿಲ್ಲ ಎಂದು ಎದೆ ಗಟ್ಟಿ ಮಾಡಿಕೊಂಡಿದ್ದೆ. ಅವಳು ಸೊಪ್ಪು ಸೋಸುತ್ತಿದ್ದ ಕೈ ನಿಲ್ಲಿಸಿ ಕೇಳಿದ್ದು ಒಂದೇ.

“ದನಿ ಎಂಗಿತ್ತಮ್ಮಿ? ನೋವಲ್ಲಿ ಇದ್ದಂಗಿತ್ತಾ?”

“ಇಲ್ಲ ಕಣವ್ವ. ಮನೇಲಿ ಕರೀತಿದ್ನಲ್ಲ, ಅಂಗೇ ಇತ್ತು.”

ಅವ್ವ ಸೊಪ್ಪನ್ನು ಪಕ್ಕಕ್ಕೆ ಸರಿಸಿದಳು.

“ಮತ್ತೆ ಉಣ್ದೆ ಯಾಕ್ ಬಂದ್ಬುಟ್ಟೆ?” ಎಂದಳು.