ಪಟ್ಟಿ ಹಾಕ್ರಿ ಎಂದ ಮಾಳವ್ವ

ನನ್ನ ಹನ್ನೊಂದು ವರ್ಷದ ನೌಕರಿಯಲ್ಲಿ ‘ನನ್ನ ಮನಿಗಿ ಪಟ್ಟಿ ಹಾಕ್ರಿ’ ಎಂದು ಪಂಚಾಯತಿಗೆ ಬಂದು ಜಗಳ ತೆಗೆದವಳು ಮಾಳವ್ವ ಒಬ್ಬಳೇ. ಉಳಿದವರು ಪಟ್ಟಿ ಕಡಿಮೆ ಮಾಡಿ ಎನ್ನಲು ಬರುತ್ತಾರೆ, ಮುಂದಿನ ತಿಂಗಳು ತುಂಬುತ್ತೇನೆ ಎಂದು ಹೇಳಲು ಬರುತ್ತಾರೆ. ಕೆಲವರಂತೂ ನಮ್ಮ ಶಿಪಾಯಿ ನೋಟೀಸು ಹಿಡಿದು ಓಣಿಗೆ ಬಂದನೆಂದರೆ ಹಿತ್ತಲ ಬಾಗಿಲಿನಿಂದ ಹೊಲಕ್ಕೆ ಇಳಿದುಬಿಡುತ್ತಾರೆ.

ಮಹಾರಾಷ್ಟ್ರದ ಜತ್ತ ತಾಲೂಕಿನ ಗಡಿಯ ಕಡೆ, ತಿಕೋಂಡಿಯಿಂದ ಒಂದಿಷ್ಟು ದೂರದಲ್ಲಿ ನಮ್ಮೂರು. ಊರಿನ ಮಾತು ಕನ್ನಡ, ದಫ್ತರ ಮರಾಠಿ. ನಾನು ಅಲ್ಲಿನ ಗ್ರಾಮಪಂಚಾಯತಿಯ ಕ್ಲಾರ್ಕ. ಮನೆಯ ಮೇಲಿನ ತೆರಿಗೆಗೆ ಕಾಗದದಲ್ಲಿ ಘರಪಟ್ಟಿ ಎಂದಿರುತ್ತದೆ, ಜನರ ಬಾಯಲ್ಲಿ ಬರೀ ಪಟ್ಟಿ. ಅದನ್ನು ಬರೆಯುವುದು, ವಸೂಲು ಮಾಡುವುದು, ತುಂಬಿದವರಿಗೆ ಪಾವತಿ ಎನ್ನುವ ರಸೀದಿ ಹರಿದು ಕೊಡುವುದು ನನ್ನ ಕೆಲಸ.

ನೌಕರಿಗೆ ಸೇರಿ ಮೂರು ತಿಂಗಳಾಗಿತ್ತು. ಜೂನ್ ತಿಂಗಳ ಮಿರಗಿನ ಮಳೆ ಒಂದೆರಡು ಸಲ ಬಂದು ಹೋಗಿತ್ತು. ಒಂದು ದಿನ ಬೆಳಿಗ್ಗೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಎತ್ತರದ ಹೆಂಗಸೊಬ್ಬಳು ಬಾಗಿಲು ತುಂಬ ನಿಂತಳು. ಬಿಸಿಲಿಗೆ ಸುಟ್ಟ ಮುಖ, ಕೈಯಲ್ಲಿ ಬೆಳ್ಳಿಯ ಕಡಗ, ಮೈಯಿಂದ ಹಸಿ ಉಣ್ಣೆಯ ವಾಸನೆ. ವಯಸ್ಸು ಐವತ್ತರ ಆಚೆ ಈಚೆ.

“ಇಲ್ಲಿ ಪಟ್ಟಿ ಬರಿಯಾಂವ ಯಾರು?”

“ನಾನಽರಿ ಯವ್ವಾ. ಹೆಸರು ಹೇಳ್ರಿ, ಬಾಕಿ ಎಷ್ಟೈತಿ ನೋಡ್ತೀನಿ.”

“ಬಾಕಿ ಇಲ್ಲ ತಮ್ಮಾ. ಬಾಕಿ ಇರಬೇಕಂತನಽ ಬಂದೀನಿ.”

ನನಗೆ ಅರ್ಥವಾಗಲಿಲ್ಲ. ರಜಿಸ್ಟರು ತೆಗೆದು ಹುಡುಕಿದೆ. ಆಕೆಯ ಹೆಸರಿರಲಿಲ್ಲ, ತೀರಿಹೋಗಿದ್ದ ಗಂಡನ ಹೆಸರೂ ಇರಲಿಲ್ಲ, ಮಾವನ ಹೆಸರೂ ಇರಲಿಲ್ಲ. ಊರಿನ ಬಡಗಣ ತುದಿಯಲ್ಲಿ ಆ ಮನೆ ಇದ್ದುದು ನನಗೇ ಗೊತ್ತು, ದಿನವೂ ಅದರ ಮುಂದೆಯೇ ಸೈಕಲ್ ಮೇಲೆ ಬರುತ್ತಿದ್ದೆ. ಆದರೆ ದಫ್ತರದಲ್ಲಿ ಅದು ಇರಲಿಲ್ಲ.

ಅದಕ್ಕೂ ಕಾರಣವಿತ್ತು. ಮಾಳವ್ವನದು ಕುರಿ ಸಾಕುವ ಮನೆತನ. ದೀಪಾವಳಿ ದಾಟಿದ ಮೇಲೆ ಕುರಿ ಹೊಡೆದುಕೊಂಡು ಕೃಷ್ಣೆಯ ದಂಡೆಯ ಕಡೆ ಹೊರಟರೆ ಮರಳಿ ಬರುವುದು ಮಳೆಗಾಲದ ಮುಖಕ್ಕೆ. ಮನೆಗಳನ್ನು ಅಳೆದು ಬರೆದುಕೊಳ್ಳುವ ಮಂದಿ ಊರಿಗೆ ಬಂದದ್ದೆಲ್ಲ ಬೇಸಿಗೆಯಲ್ಲಿ. ಕೀಲಿ ಹಾಕಿದ ಬಾಗಿಲು ಕಂಡು ಅವರು ಮುಂದಿನ ಮನೆಗೆ ಹೋಗಿದ್ದರು. ಹೀಗೇ ಎರಡು ತಲೆಮಾರು ಕಳೆದಿತ್ತು.

ಪಂಚಾಯತಿಯ ಕಾರ್ಯದರ್ಶಿಯಾದ ನಮ್ಮ ಗ್ರಾಮಸೇವಕರನ್ನು ಎಲ್ಲರೂ ಭಾವುಸಾಹೇಬ ಎನ್ನುತ್ತಿದ್ದೆವು. ಅವರು ಪಶ್ಚಿಮದ ಕಡೆಯ ಮರಾಠಿಯವರು. ತಮಗೆ ಬರುವಷ್ಟು ಕನ್ನಡದಲ್ಲಿ, “ಬಾಯಿ, ನಿಮ್ಮ ಮನಿ ನೋಂದ ಇಲ್ಲ. ಪಟ್ಟಿ ಇಲ್ಲ. ಚಲೋನಽ ಆತಲ್ಲ? ಆರಾಮ ಇರ್ರಿ” ಎಂದು ನಕ್ಕರು.

ಮಾಳವ್ವ ನಗಲಿಲ್ಲ.

“ಸಾಹೇಬ್ರ, ಊರಾಗ ಎಲ್ಲಾರ ಮನಿಗೂ ಪಟ್ಟಿ ಐತಿ. ನಂದಕ್ಕ ಇಲ್ಲಂದ್ರ ಅದು ಮನಿ ಅಲ್ಲೇನು? ಹಂಗಾದ್ರ ಲಗ್ನ ಆಗಿ ಬಂದಾಗಿಂದ ನಾ ಎಲ್ಲಿ ಮಕ್ಕೊಂಡೀನಿ, ಹೇಳ್ರಿ.”

ಆಮೇಲೆ ವಿಷಯ ಹೊರಬಿತ್ತು. ಆ ವರ್ಷ ಅವರು ಊರಿಗೆ ಮರಳಿದಾಗ ಪಕ್ಕದ ಮನೆಯ ಗುರಪ್ಪ ಅವರ ಅಂಗಳದಲ್ಲಿ ತನ್ನ ಜೋಳದ ಕಣಿಕಿಯ ಬಣವಿ ಒಟ್ಟಿದ್ದ. ಹಿಂದಿನ ಗೋಡೆಯ ನಾಲ್ಕು ಕಲ್ಲು ಅವನ ದನದ ಕೊಟ್ಟಿಗೆಗೆ ಹೋಗಿದ್ದವು. ಕೇಳಿದರೆ, “ದಫ್ತರದಾಗ ನಿಮ್ಮ ಮನಿ ಎಲ್ಲೈತಿ ತೋರಸು, ತಗೀತೀನಿ” ಎಂದನಂತೆ. ಅವನ ಮಾತು ಸುಳ್ಳಲ್ಲ ಎನ್ನುವುದೇ ಮಾಳವ್ವನಿಗೆ ಹತ್ತಿದ ಚಿಂತೆ. ಇವತ್ತು ಅಂಗಳ ಹೋದರೆ ನಾಳೆ ಪಡಸಾಲೆ ಹೋಗುತ್ತದೆ. ಏಳು ತಿಂಗಳು ಊರಿನಲ್ಲಿರದವರ ಪರವಾಗಿ ಮಾತಾಡುವವರು ಯಾರು?

ಭಾವುಸಾಹೇಬರು ನಗು ನಿಲ್ಲಿಸಿ ಅರ್ಜಿ ಬರೆಸಿಕೊಂಡರು.

ಮನೆ ಅಳೆಯಲು ಹೋದ ದಿನ ಮರೆಯುವಂಥದಲ್ಲ. ಟೇಪು ಹಿಡಿದು ಹೋದಲ್ಲೆಲ್ಲ ಜನ ಅದನ್ನು ಒಂದಿಷ್ಟು ಒಳಗೆ ಸರಿಸುತ್ತಾರೆ, ‘ಅದು ಬಚ್ಚಲ್ರಿ, ಬಿಡ್ರಿ’ ‘ಇದು ಬರೀ ತಗಡಿನ ಛಪ್ಪರ್ರಿ’ ಎನ್ನುತ್ತಾರೆ. ಮಾಳವ್ವ ಟೇಪಿನ ಇನ್ನೊಂದು ತುದಿ ತಾನೇ ಹಿಡಿದು ಜಗ್ಗುತ್ತಿದ್ದಳು. “ಒಂದು ಗೇಣು ಬಿಟ್ಟೀ ನೋಡು. ಅದೂ ನಮ್ಮದಽ.” ಕುರಿಮರಿ ಕಟ್ಟುವ ಮೂಲೆಯನ್ನೂ ಬರೆಸಿದಳು. ಬಚ್ಚಲನ್ನೂ ಬರೆಸಿದಳು. ಪಟ್ಟಿ ಹೆಚ್ಚು ಬರುತ್ತದೆ ಎಂದು ನಾನು ಮೆಲ್ಲಗೆ ಹೇಳಿದರೆ, “ಬರ್ಲಿ. ಇದ್ದದ್ದು ಇದ್ದಂಗ ಬರಿ” ಎಂದಳು.

ಉಳಿದದ್ದು ಪಂಚನಾಮೆ. ಅಕ್ಕಪಕ್ಕದವರು ‘ಈ ಮನೆ ಇವರದೇ’ ಎಂದು ಸಹಿ ಮಾಡಬೇಕು. ಪೂರ್ವಕ್ಕೆ ದಾರಿ, ಪಶ್ಚಿಮಕ್ಕೆ ಗುರಪ್ಪ. ಇಲ್ಲಿಗೆ ಕೆಲಸ ನಿಂತಿತೆಂದು ನಾನು ಟೇಪು ಸುತ್ತತೊಡಗಿದೆ. ಮಾಳವ್ವ ಸೀದಾ ಅವನ ಬಾಗಿಲಿಗೆ ಹೋದಳು. ಅವನ ಹೆಂಡತಿ, ಮಕ್ಕಳು, ಓಣಿಯ ಹತ್ತು ಮಂದಿ ನೋಡುತ್ತಿದ್ದರು. ಆಕೆ ದನಿ ಏರಿಸಲಿಲ್ಲ.

“ಗುರಪ್ಪಾ, ನಿಮ್ಮವ್ವ ಹೊಲಕ್ಕ ಹೋದಾಗ ನೀ ಯಾರ ಕಟ್ಟಿ ಮ್ಯಾಲ ಕೂತು ಅಳ್ತಿದ್ದಿ? ಯಾರ ಮನ್ಯಾಗ ರೊಟ್ಟಿ ತಿಂದು ಮಕ್ಕೊಳ್ತಿದ್ದಿ? ಅದು ಯಾರ ಮನಿ ಅಂತ ಈ ತಮ್ಮಗ ಹೇಳು. ನೀ ಏನ ಹೇಳ್ತೀಯೋ ಅದನ್ನಽ ಬರೀಲಿ. ನಾ ಒಲ್ಲೆ ಅನ್ನೂದಿಲ್ಲ.”

ಗುರಪ್ಪ ಬಹಳ ಹೊತ್ತು ಕಾಲ ಹೆಬ್ಬೆರಳಿನಿಂದ ನೆಲ ಕೆರೆದ. ಕೆಟ್ಟ ಮನುಷ್ಯನಲ್ಲ ಅವನು, ಖಾಲಿ ಜಾಗ ಕಂಡು ಕೈ ಚಾಚಿದ್ದ ಅಷ್ಟೆ. ಕಡೆಗೆ ನನ್ನ ಕೈಯಿಂದ ಪೆನ್ನು ಇಸಿದುಕೊಂಡು, “ನಿಮ್ಮದಽ ಬಿಡ ಕಾಕು” ಎಂದು ಚಿಕ್ಕಮ್ಮನನ್ನು ಕರೆಯುವ ಹಾಗೆ ಕರೆದು ಸಹಿ ಮಾಡಿದ. ಮರುದಿನ ಬಣವಿ ಹೋಯಿತು. ಕಲ್ಲುಗಳನ್ನು ತಾನೇ ಹೊತ್ತು ತಂದು ಗೋಡೆಗೆ ಇಟ್ಟ. ಮುಂದಿನ ಮಾಸಿಕ ಸಭೆಯಲ್ಲಿ ಠರಾವಾಗಿ ಮನೆಗೆ ನಂಬರು ಬಿತ್ತು.

ಮೊದಲ ಸಲ ಪಟ್ಟಿ ತುಂಬಲು ಬಂದ ದಿನ ಆಕೆ ತಲೆಗೆ ಎಣ್ಣೆ ಹಚ್ಚಿ, ಮಡಿ ಸೀರೆ ಉಟ್ಟು ಬಂದಿದ್ದಳು. ನಾನು ಪಾವತಿ ಬರೆದು ಕೊಟ್ಟೆ. ಆಕೆಗೆ ಓದು ಬರುತ್ತಿರಲಿಲ್ಲ. ಆದರೂ ಕಾಗದವನ್ನು ಕಣ್ಣ ಹತ್ತಿರ ಹಿಡಿದು ನೋಡಿ, ತಿರುಗಿ ನನ್ನ ಟೇಬಲ್ಲಿನ ಮೇಲಿಟ್ಟಳು.

“ಇದು ನನ್ನ ಹೆಸರಲ್ಲ.”

“ನಿಂದಽ ಯವ್ವಾ.”

“ನನ್ನ ಹೆಸರಿನ ನಡುವ ಟಗರಿನ ಕೋಡು ಇರ್ತಾವ. ಆಧಾರ ಕಾರ್ಡಿನಾಗ ನೋಡು. ಇದರಾಗ ಎಲ್ಲದಾವ?”

ನೋಡಿದೆ. ಮರಾಠಿಯ ‘ಳ’ ಅಕ್ಷರ ನಿಜಕ್ಕೂ ಎರಡು ಕಡೆ ಸುತ್ತಿಕೊಂಡ ಟಗರಿನ ಕೋಡಿನ ಹಾಗೇ ಇರುತ್ತದೆ. ನಾನು ಅವಸರದಲ್ಲಿ ‘ಳ’ ಬದಲು ‘ಲ’ ಬರೆದಿದ್ದೆ. ನಾಚಿಕೆಯಾಯಿತು. ಆ ಪಾವತಿ ರದ್ದು ಮಾಡಿ ಹೊಸದು ಬರೆದೆ. ಆಕೆ ಕೋಡುಗಳನ್ನು ಬೆರಳಿನಿಂದ ಮುಟ್ಟಿ ನೋಡಿ, ಮಡಚಿ ಸೊಂಟದ ಚೀಲದಲ್ಲಿಟ್ಟುಕೊಂಡಳು. ಅಂದಿನಿಂದ ಯಾರ ಹೆಸರು ಬರೆದರೂ ಎರಡು ಸಲ ಓದುವುದು ನನಗೆ ಚಟವಾಗಿದೆ.

ಸಪ್ಟೆಂಬರ್ ಮುಗಿಯುವುದರೊಳಗೆ ತುಂಬಿದರೆ ಸ್ವಲ್ಪ ಸೂಟು, ಅಂದರೆ ರಿಯಾಯಿತಿ, ಸಿಗುತ್ತದೆ ಎಂದು ಒಮ್ಮೆ ಹೇಳಿದ್ದೆ. ಆಮೇಲೆ ಆಕೆ ಒಂದು ವರ್ಷವೂ ಗಣಪತಿ ಹಬ್ಬ ದಾಟಿಸಲಿಲ್ಲ. “ಕುರಿ ದಿನಾ ಎಣಸಬೇಕು ತಮ್ಮಾ, ಮನಿ ವರ್ಷಕ್ಕೊಮ್ಮೆ” ಎನ್ನುತ್ತಿದ್ದಳು. ಪಟ್ಟಿ ತುಂಬುವುದೆಂದರೆ ಆಕೆಗೆ ಮನೆ ಎಣಿಸಿಕೊಳ್ಳುವುದು, ಇದೆಯೋ ಇಲ್ಲವೋ ನೋಡಿಕೊಳ್ಳುವುದು. ನನ್ನ ಕೆಲಸವನ್ನು ಅಲ್ಲಿಯವರೆಗೆ ನಾನು ಹಾಗೆ ನೋಡಿರಲಿಲ್ಲ. ಜನರಿಂದ ರೊಕ್ಕ ಕೀಳುವ ನೌಕರಿ ಎಂದು ಒಳಗೊಳಗೇ ಸಂಕೋಚಪಡುತ್ತಿದ್ದೆ. ಆಕೆಯ ಮಾತು ಕೇಳಿದ ಮೇಲೆ ಓಣಿ ತಿರುಗುವಾಗ ನನ್ನ ನಡಿಗೆ ಸ್ವಲ್ಪ ನೆಟ್ಟಗಾಯಿತು.

ಪಟ್ಟಿ ತುಂಬಿದವಳು ಸುಮ್ಮನಿರಲೂ ಇಲ್ಲ. ಎರಡನೆಯ ವರ್ಷ ಪಾವತಿಯ ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಕೇಳಿದಳು.

“ಇದೇನು?”

“ಘರಪಟ್ಟಿ.”

“ಇದು?”

“ಆರೋಗ್ಯದ್ದು.”

“ಇದು?”

“ದಿವಾಬತ್ತಿದು. ಓಣಿ ದೀಪಕ್ಕ ತುಗೊಳ್ಳೂದು.”

“ಯಾವ ಓಣಿ ದೀಪ?”

ಬಡಗಣ ಓಣಿಯಲ್ಲಿ ಒಂದು ಕಂಬವೂ ಇರಲಿಲ್ಲ.

ಮುಂದಿನ ಗ್ರಾಮಸಭೆಗೆ ಮಾಳವ್ವ ಬಂದಳು. ಗಂಡಸರ ಸಾಲಿನ ಹಿಂದೆ ನಿಂತು, ಪಾವತಿ ಮೇಲೆತ್ತಿ ಹಿಡಿದು ದೀಪ ಕೇಳಿದಳು. ಒಬ್ಬ ಹಿರಿಯರು, “ಏಳು ತಿಂಗಳು ಊರಾಗಽ ಇರೂದಿಲ್ಲ, ನಿನಗ್ಯಾಕ ಬೇಕ ದೀಪ?” ಎಂದಾಗ ಸಭೆಯೆಲ್ಲ ನಕ್ಕಿತು.

“ನಾ ಇಲ್ಲದ ಏಳು ತಿಂಗಳಿನ ಪಟ್ಟಿ ಬಿಟ್ಟೀರೇನ್ರಿ ಅಣ್ಣಾರ? ಪೂರಾ ತುಗೊಂಡೀರಿ. ದೀಪಾನೂ ಪೂರಾ ಇರ್ಲಿ. ನಾ ಇಲ್ಲಂದ್ರ ಗುರಪ್ಪನ ಮಕ್ಕಳು ಬೆಳಕಿನ್ಯಾಗ ನಡದಾಡ್ತಾವ.”

ಮೂಲೆಯಲ್ಲಿದ್ದ ಗುರಪ್ಪ ಎದ್ದು ನಿಂತು, “ಕಾಕು ಹೇಳೂದು ಬರೋಬರಿ ಐತ್ರಿ” ಎಂದ. ಮರುವರ್ಷ ಆ ಓಣಿಗೆ ಎರಡು ಕಂಬ ಬಂದವು.

ಒಂದು ವರ್ಷ ಮಾತ್ರ ಆಕೆಗೆ ಹೊತ್ತಿಗೆ ಸ್ವತಃ ಬರಲಾಗಲಿಲ್ಲ. ಮಳೆ ಹಿಂದಾಗಿ ಕುರಿಗಳು ಹೊಳೆಯ ಕಡೆಯೇ ಉಳಿದಿದ್ದವು. ಹಿಂದಿನ ವರ್ಷವೇ ಪಂಚಾಯತಿಯ ಗೋಡೆಗೆ ಮೊಬೈಲಿನಿಂದ ರೊಕ್ಕ ತುಂಬುವ ಚೌಕದ ಚಿತ್ರ ಅಂಟಿಸಿದ್ದೆವು. ಮಾಳವ್ವನ ಫೋನು ಬಂತು, ಹಿಂದೆ ಕುರಿಗಳ ಗದ್ದಲ. “ಆ ಗ್ವಾಡಿ ಮ್ಯಾಲಿನ ಚೌಕಟ್ಟು ನನ್ನ ಮಗನ ಮೊಬೈಲಿಗಿ ಕಳಸು. ಇಲ್ಲಿ ಗೊಬ್ಬರದ ಅಂಗಡ್ಯಾಂವ ತುಂಬಿ ಕೊಡ್ತೀನಿ ಅಂದಾನ.” ಚಿತ್ರ ಕಳಿಸಿದೆ, ರೊಕ್ಕ ಬಂತು, ಪಾವತಿಯ ಫೋಟೋ ತೆಗೆದು ಕಳಿಸಿದೆ. ಹತ್ತು ನಿಮಿಷಕ್ಕೆ ಮತ್ತೆ ಫೋನು: “ಫೋಟೋ ಬಂತು. ಖರೇ ಕಾಗದ ಎತ್ತಿಡು. ನಾ ಬಂದು ವೈತೀನಿ.” ಬಂದ ದಿನ ಮನೆಗೂ ಹೋಗದೆ ಮೊದಲು ಪಂಚಾಯತಿಗೆ ಬಂದು ಅದನ್ನು ಒಯ್ದಳು.

ಆಕೆಯನ್ನು ಕಡೆಯ ಸಲ ನೋಡಿದ್ದು ಹೋದ ದೀಪಾವಳಿ ಆದ ಮೇಲೆ. ಸೊಸೆ ಲಕ್ಕವ್ವನನ್ನು ಕರೆದುಕೊಂಡು ಬಂದಿದ್ದಳು. ಮನೆಗೆ ಮಗನ ಹೆಸರು, ಸೊಸೆಯ ಹೆಸರು ಎರಡೂ ಸೇರಿಸಬೇಕೆಂದು ಅರ್ಜಿ. ಮಗನದೊಂದು ಸಾಲದೇ ಎಂದು ಹೊಸದಾಗಿ ಬಂದಿದ್ದ ಗ್ರಾಮಸೇವಕರು ಕೇಳಿದರು. “ಗ್ವಾಡಿ ಸಾರಸಾಕಿ ಇಕಿ, ಕೀಲಿ ಹಾಕಾಕಿ ಇಕಿ. ಇಕಿದೂ ಇರ್ಲಿ” ಎಂದಳು. ಲಕ್ಕವ್ವ ಸೆರಗು ಬಾಯಿಗೆ ಅಡ್ಡ ಹಿಡಿದು ನೆಲ ನೋಡುತ್ತಿದ್ದಳು, ಆದರೆ ಹೆಬ್ಬೆಟ್ಟು ಒತ್ತಲಿಲ್ಲ. ಪೆನ್ನು ಕೇಳಿ ಪಡೆದು ಸಹಿ ಮಾಡಿದಳು.

ಮಾಳವ್ವ ಎದ್ದು ನಿಲ್ಲುವಾಗ ಮೊಣಕಾಲು ಹಿಡಿದುಕೊಂಡದ್ದು ಕಂಡು ನಾನು ಅಂದೆ: “ಈ ವರ್ಷ ನೀ ಹೋಗಬ್ಯಾಡ ಯವ್ವಾ. ಮಗಾ ಸೊಸಿ ಹೋಗಿ ಬರ್ಲಿ.”

“ಕೂತು ಉಣ್ಣೂದು ನನಗ ಬರೂದಿಲ್ಲೋ ಯಪ್ಪಾ. ಹೋಗಿ ಬರ್ತೀನಿ. ಮನಿ ಎಲ್ಲಿ ಓಡಿ ಹೋಗತೈತಿ?”

ನಗುತ್ತಲೇ ಮೆಟ್ಟಿಲು ಇಳಿದಳು. ಎರಡು ದಿನದ ಮೇಲೆ ಅವರ ಕುರಿಗಳು ಊರು ದಾಟಿದವು.

ಶಿವರಾತ್ರಿ ಆಗಿ ಒಂದು ವಾರವಾಗಿತ್ತು. ಹೊಳೆಯ ಕಡೆಯ ಹಳ್ಳಿಯೊಂದರ ಕ್ಲಾರ್ಕನಿಂದ ನನಗೆ ಫೋನು ಬಂತು. ಮರಾಠಿಯಲ್ಲಿ ಮಾತಾಡಿದ. ತಮ್ಮ ಹದ್ದಿನಲ್ಲಿ ಬೀಡುಬಿಟ್ಟಿದ್ದ ಕುರಿಯವರಲ್ಲಿ ಒಬ್ಬ ಮುದುಕಿ ಮಧ್ಯಾಹ್ನ ಉಂಡು ಮಲಗಿದವಳು ಏಳಲಿಲ್ಲವಂತೆ. ಹೊಲದ ಮಾಲೀಕರೇ ಬದುವಿನ ಹತ್ತಿರ ಮಣ್ಣಿಗೆ ಜಾಗ ಕೊಟ್ಟರಂತೆ. ಮಗ ಸಾವಿನ ದಾಖಲೆಗೆ ಬಂದು ಕೂತಿದ್ದಾನೆ, ಆಧಾರ ಕಾರ್ಡು ಊರಲ್ಲೇ ಉಳಿದಿದೆಯಂತೆ, ನಿಮ್ಮ ಫೋನ್ ನಂಬರು ಅವನೇ ಕೊಟ್ಟ ಎಂದ.

“ಕಾಯಂ ವಿಳಾಸ ಅನ್ನೋ ಜಾಗದಲ್ಲಿ ಏನು ಬರೆಯಲಿ? ತಿರುಗಾಡೋ ಮಂದಿ. ಊರು ನಕ್ಕಿ ಇಲ್ಲ, ಖಚಿತವಿಲ್ಲ ಎಂದು ಬರೆದುಬಿಡಲೇ?”

“ಹಾಗೆ ಬರೆಯಬೇಡಿ. ಮನೆ ಇದೆ, ನಂಬರು ಇದೆ, ಬರೆದುಕೊಳ್ಳಿ” ಎಂದೆ. ರಜಿಸ್ಟರು ತೆಗೆಯಬೇಕಾಗಲಿಲ್ಲ. ಆರುನೂರಾ ಹನ್ನೆರಡು ಎಂದು ಹೇಳಿದೆ.

“ನಕ್ಕಿ?”

“ನಕ್ಕಿ. ಈ ವರ್ಷದ ಪಟ್ಟಿ ತುಂಬಿಯೇ ಹೋಗಿದ್ದಾರೆ.”

ಆತ ಬರೆಯುತ್ತ ಒಂದೊಂದನ್ನೇ ಗಟ್ಟಿಯಾಗಿ ಓದಿದ: ಮನೆಯ ನಂಬರು, ಬಡಗಣ ಓಣಿ, ನಮ್ಮೂರಿನ ಹೆಸರು, ತಾಲೂಕು ಜತ್ತ. ಆತ ಮುಗಿಸುವವರೆಗೆ ನಾನು ಫೋನು ಕಿವಿಗೆ ಒತ್ತಿಕೊಂಡು ಪ್ರತಿಯೊಂದಕ್ಕೂ ಹೂಂ ಎನ್ನುತ್ತಿದ್ದೆ.